ಅಣಕು ಭದ್ರತಾ ಮಂಡಳಿ: ಸೇನಾ ಕ್ರಮದ ಕರಡಲ್ಲಿ ಯಾವ ಪದ ಇರಬೇಕು?

ಹೇಮಾ, ತುಮಕೂರು:
ಮುಂದಿನ ವಾರ ಕಾಲೇಜಲ್ಲಿ ಅಣಕು ಭದ್ರತಾ ಮಂಡಳಿ ಇದೆ. ಪಕ್ಕದ ದೇಶಕ್ಕೆ ನುಗ್ಗಿದವರ ಮೇಲೆ ಸೇನಾ ಕ್ರಮಕ್ಕೆ ಅನುಮತಿ ಕೊಡುವ ಕರಡು ನನ್ನ ಪಾಲಿಗೆ ಬಂದಿದೆ. "ಹಿಂದೆ ಸರಿಯದಿದ್ದರೆ ಗಂಭೀರ ಪರಿಣಾಮ, ವಿಶ್ವಸಂಸ್ಥೆ ಸೇನೆ ಕಳಿಸಲಿ" ಅಂತ ಬರೆದಿದೀನಿ. ಸಾಕಾ? ಚೀನಾ ಪಾತ್ರದವರು ತಟಸ್ಥವಾದರೆ ನಿರ್ಣಯ ಬಿದ್ದುಹೋಗುತ್ತಾ?

ಕೋಲಾರದ ಮೇಷ್ಟ್ರು:
ಸಾಲದಮ್ಮ. 2002ರ 1441ನೇ ನಿರ್ಣಯದಲ್ಲಿ ಇದ್ದದ್ದೂ ಇದೇ "ಗಂಭೀರ ಪರಿಣಾಮ". 15–0 ಮತದಿಂದ ಪಾಸಾಯ್ತು, ಆದರೆ ಮರುವರ್ಷ ಇರಾಕ್ ಮೇಲೆ ಯುದ್ಧಕ್ಕೆ ಅನುಮತಿ ಸಿಕ್ಕಂತೆಯೇ ಅಂತ ಅಮೆರಿಕ, ಬ್ರಿಟನ್ ವಾದಿಸಿದವು. ಫ್ರಾನ್ಸ್, ರಷ್ಯಾ ಸುತರಾಂ ಒಪ್ಪಲಿಲ್ಲ. ಅದೇ 1990ರ 678ನೇ ನಿರ್ಣಯ ತೆಗೆದು ನೋಡು. ಕುವೈತ್‌ಗೆ ನುಗ್ಗಿದ ಇರಾಕ್ ಹಿಂದೆ ಸರಿಯದಿದ್ದರೆ ಕುವೈತ್ ಜೊತೆ ಕೈಜೋಡಿಸಿದ ಸದಸ್ಯ ದೇಶಗಳು "ಅಗತ್ಯವಾದ ಎಲ್ಲ ಮಾರ್ಗಗಳನ್ನು" ಬಳಸಬಹುದು, ಗಡುವು 1991ರ ಜನವರಿ 15. ಯುದ್ಧ ಅನ್ನೋ ಪದವೇ ಇಲ್ಲ, ಅರ್ಥ ಮಾತ್ರ ಸ್ಪಷ್ಟ.

ಮೊದಲು ವಿಶ್ವಸಂಸ್ಥೆ ಸನ್ನದಿನ 39ನೇ ವಿಧಿ ಪ್ರಕಾರ "ಶಾಂತಿಭಂಗವಾಗಿದೆ" ಅಂತ ತೀರ್ಮಾನಿಸು. ಆಮೇಲೆ "7ನೇ ಅಧ್ಯಾಯದಡಿ" (ಬಲಪ್ರಯೋಗಕ್ಕೆ ಅವಕಾಶ ಕೊಡುವ ಅಧ್ಯಾಯ) ಅಂತ ಹೇಳಿ, ಅಧಿಕಾರ ಕೊಡುವ ಸಾಲು ಬರೆ. ಉದ್ದೇಶವನ್ನು ಬಿಗಿಯಾಗಿ ಕಟ್ಟಬೇಕು. ಲಿಬಿಯಾದಲ್ಲಿ ಎಡವಿದ್ದು ಅಲ್ಲೇ: 2011ರ 1973ನೇ ನಿರ್ಣಯ ಕೊಟ್ಟಿದ್ದು ನಾಗರಿಕರ ರಕ್ಷಣೆಗೆ, ಕೊನೆಗೆ ಗದ್ದಾಫಿ ಸರ್ಕಾರವೇ ಉರುಳಿತು. ಮುಂದೆ ಸಿರಿಯಾ ವಿಷಯ ಬಂದಾಗ ರಷ್ಯಾ ಇದನ್ನೇ ಎತ್ತಿ ಆಡಿತು. ಅನುಮತಿ ಎಲ್ಲಿಯವರೆಗೆ, ವರದಿ ಯಾವಾಗ ಅನ್ನೋದನ್ನೂ ಸೇರಿಸು.

ತಟಸ್ಥ ಮತದಿಂದ ನಿರ್ಣಯ ಬೀಳಲ್ಲ. 15ರಲ್ಲಿ 9 ಮತ ಬರಬೇಕು, ಐವರು ಕಾಯಂ ಸದಸ್ಯರಲ್ಲಿ ಯಾರೂ ವಿರುದ್ಧ ಹಾಕಬಾರದು (ಹಾಕಿದರೆ ಅದೇ ವೀಟೊ). 678ಕ್ಕೆ ಚೀನಾ ತಟಸ್ಥ. 1973ಕ್ಕೆ ಚೀನಾ, ರಷ್ಯಾ, ನಮ್ಮ ಭಾರತವೂ ತಟಸ್ಥ. ಎರಡೂ ಪಾಸಾದವು.

ಹೇಮಾ:
ಸರ್, ರಷ್ಯಾ ವೀಟೊ ಹಾಕೇಬಿಟ್ಟರೆ?

ರವಿ, ಚಿಂತಾಮಣಿ:
ಆಗ ಸಾಮಾನ್ಯ ಸಭೆಯ 1950ರ 377ನೇ ನಿರ್ಣಯದ ದಾರಿ ಹಿಡಿಯಿರಿ. ಮಂಡಳಿಯಲ್ಲಿ 9 ಮತ ಸಿಕ್ಕರೆ ವಿಷಯ ಸಾಮಾನ್ಯ ಸಭೆಯ ತುರ್ತು ಅಧಿವೇಶನಕ್ಕೆ ಹೋಗುತ್ತೆ. ಇದು ಕಲಾಪದ ಮತ, ವೀಟೊ ನಡೆಯಲ್ಲ. 2022ರ ಫೆಬ್ರವರಿ 27ರಂದು ಉಕ್ರೇನ್ ವಿಷಯ ಹೀಗೇ ಹೋಯ್ತು: ಪರ 11, ವಿರುದ್ಧ ರಷ್ಯಾ ಒಂದೇ, ತಟಸ್ಥ 3. ಸಾಮಾನ್ಯ ಸಭೆಯಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಬಂದರೂ ಅದು ಶಿಫಾರಸು ಮಾತ್ರ, ಯಾವ ದೇಶವನ್ನೂ ಕಟ್ಟಿಹಾಕಲ್ಲ.

ಇನ್ನೊಂದು, "ವಿಶ್ವಸಂಸ್ಥೆ ಸೇನೆ" ಅನ್ನೋದನ್ನ ಹೊಡೆದುಹಾಕಿ. 43ನೇ ವಿಧಿ ಪ್ರಕಾರ ದೇಶಗಳು ಮಂಡಳಿಗೆ ಪಡೆ ಒದಗಿಸುವ ಒಪ್ಪಂದ ಮಾಡಿಕೊಳ್ಳಬೇಕಿತ್ತು, ಇವತ್ತಿನವರೆಗೆ ಒಂದೂ ಆಗಿಲ್ಲ. ನೀಲಿ ಟೋಪಿಯವರು ಶಾಂತಿಪಾಲನೆಗೆ ದೇಶಗಳು ಎರವಲು ಕೊಟ್ಟ ಸೈನಿಕರು. "ಸದಸ್ಯ ದೇಶಗಳಿಗೆ ಅಧಿಕಾರ ನೀಡುತ್ತದೆ" ಅಂತಲೇ ಬರೆಯಿರಿ. ತೀರ್ಪುಗಾರರು ಬಲ್ಲವರಾಗಿದ್ದರೆ ಮೊದಲು ಕೈಯಿಡೋದು ಆ ಸಾಲಿನ ಮೇಲೇ.