ಬ್ಲ್ಯಾಕ್ ಸಬ್ಬತ್ ತಂಡದ ‘13’: ವಿಮರ್ಶಕರು ಏಕೆ ಇಬ್ಭಾಗವಾದರು?

ಪ್ರಶ್ನೆ (ಕಾರವಾರ)

ಮಾನ್ಯರೇ, ಕಾರವಾರದ ನಾವು ಕೆಲವು ಗೆಳೆಯರು ಬ್ರಿಟನ್ನಿನ ಹೆವಿ ಮೆಟಲ್ ಸಂಗೀತ ತಂಡವಾದ ಬ್ಲ್ಯಾಕ್ ಸಬ್ಬತ್‌ನ ಆಲ್ಬಮ್‌ಗಳನ್ನು ಒಂದೊಂದಾಗಿ ಕೇಳುತ್ತಾ ಈಗ 2013ರ ಜೂನ್‌ನಲ್ಲಿ ಬಂದ ‘13’ಕ್ಕೆ ತಲುಪಿದ್ದೇವೆ. ಮೂಲ ಗಾಯಕ ಆಜಿ ಆಸ್ಬೋರ್ನ್ 1978ರ ನಂತರ ಈ ತಂಡಕ್ಕೆ ಪೂರ್ತಿ ಆಲ್ಬಮ್ ಹಾಡಿದ್ದು ಇದರಲ್ಲಿಯೇ. ಬ್ರಿಟನ್, ಅಮೆರಿಕ ಎರಡರಲ್ಲಿಯೂ ಅದು ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆದರೆ ಆಗಿನ ವಿಮರ್ಶೆಗಳಲ್ಲಿ ಒಬ್ಬರು ಹೊಗಳಿದ್ದನ್ನೇ ಇನ್ನೊಬ್ಬರು ದೂರಿದ್ದಾರೆ. ಈ ಭಿನ್ನಾಭಿಪ್ರಾಯಕ್ಕೆ ಕಾರಣ ಸಂಗೀತದಲ್ಲಿಯೇ ಇದೆಯೇ?

ಉತ್ತರ 1 (ಶಿರಸಿ)

ಇದೆ, ಮತ್ತು ಅದು ನಿರ್ಮಾಪಕ ರಿಕ್ ರೂಬಿನ್ ಅವರ ತೀರ್ಮಾನದಿಂದಲೇ ಹುಟ್ಟಿದ್ದು. ತಂಡದವರನ್ನು ಕೂರಿಸಿ 1970ರ ಅವರ ಮೊದಲ ಆಲ್ಬಮನ್ನೇ ಕೇಳಿಸಿ, ಮತ್ತೆ ಆ ಮನಃಸ್ಥಿತಿಯಿಂದ ನುಡಿಸಿ ಎಂದವರು ಅವರು. ಆದ್ದರಿಂದ ಆರಂಭದ ಹಾಡಿನ ನಿಧಾನಗತಿ, ನಡುವೆ ಥಟ್ಟನೆ ಏರುವ ಲಯ, ಆಲ್ಬಮಿನ ಕೊನೆಯಲ್ಲಿ ಕೇಳುವ ಮಳೆ ಮತ್ತು ಗಂಟೆಯ ಸದ್ದು ಎಲ್ಲವೂ ಹಳೆಯದನ್ನು ಬೇಕೆಂದೇ ನೆನಪಿಸುತ್ತವೆ. ಮೆಚ್ಚಿದವರು ಇದನ್ನು ಮೂಲಕ್ಕೆ ಮರಳುವಿಕೆ ಎಂದರು, ಮೆಚ್ಚದವರು ತಮ್ಮದನ್ನೇ ನಕಲು ಮಾಡಿದ್ದಾರೆ ಎಂದರು. ನಮ್ಮ ಕಡೆ ಹಿರಿಯ ಭಾಗವತರು ನೂರಾರು ಸಲ ಹಾಡಿದ ಪ್ರಸಂಗವನ್ನೇ ಮತ್ತೆ ಹಾಡಿದಾಗ ಹೊಸತೇನಿದೆ ಎಂದು ಯಾರೂ ಕೇಳುವುದಿಲ್ಲ, ಪದ ಹೇಗೆ ಬಂತು ಎಂದು ಕೇಳುತ್ತಾರೆ. ನಾನು ಈ ಆಲ್ಬಮನ್ನು ಹಾಗೆಯೇ ಕೇಳುತ್ತೇನೆ. ಅಂದಹಾಗೆ, ಅಳತೆಗೋಲಾಗಿ ಹಿಡಿಯಲಾದ ಆ ಮೊದಲ ಆಲ್ಬಮನ್ನೂ 1970ರಲ್ಲಿ ಹಲವು ವಿಮರ್ಶಕರು ಹೀಗಳೆದಿದ್ದರು.

ಉತ್ತರ 2 (ಕುಮಟಾ)

ಶಿರಸಿಯ ಮಿತ್ರರ ಹೋಲಿಕೆ ಚೆನ್ನಾಗಿದೆ, ಆದರೆ ಹಿಮ್ಮೇಳವೇ ಬದಲಾಗಿದ್ದನ್ನು ಅವರು ಬಿಟ್ಟಿದ್ದಾರೆ. ಒಪ್ಪಂದದ ಷರತ್ತುಗಳ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಮೂಲ ಡ್ರಮ್ಮರ್ ಬಿಲ್ ವಾರ್ಡ್ ಹೊರಗುಳಿದರು. ರೇಜ್ ಅಗೇನ್‌ಸ್ಟ್ ದ ಮೆಷೀನ್ ತಂಡದ ಬ್ರ್ಯಾಡ್ ವಿಲ್ಕ್ ಅವರ ಜಾಗದಲ್ಲಿ ನುಡಿಸಿದರು. ವಿಲ್ಕ್ ಅವರ ಪೆಟ್ಟು ಗಟ್ಟಿಯಾಗಿದೆ, ಲೆಕ್ಕ ತಪ್ಪುವುದಿಲ್ಲ. ಆದರೆ ಗಿಟಾರಿನ ಹಿಂದೆ ಒಮ್ಮೆ ಜಾರಿ ಒಮ್ಮೆ ಮುಂದೋಡುವ, ಜಾಸ್ ಕೇಳಿ ಬೆಳೆದ ವಾರ್ಡ್ ಅವರ ತೂಗಾಟ ಅದರಲ್ಲಿಲ್ಲ, ಮತ್ತು ಹಳೆಯ ಆಲ್ಬಮ್‌ಗಳು ಉಸಿರಾಡುತ್ತಿದ್ದುದು ಆ ತೂಗಾಟದಿಂದಲೇ. ಇದಕ್ಕಿಂತ ದೊಡ್ಡ ದೂರು ಧ್ವನಿಮುದ್ರಣದ್ದು. ಮೆಲುದನಿಯನ್ನೂ ಗಟ್ಟಿದನಿಯನ್ನೂ ಒಂದೇ ಮಟ್ಟಕ್ಕೆ ಒತ್ತಿಬಿಟ್ಟಿರುವುದರಿಂದ, ಒಳ್ಳೆಯ ಹೆಡ್‌ಫೋನ್‌ನಲ್ಲಿ ಎರಡು ಹಾಡು ಮುಗಿಯುವಷ್ಟರಲ್ಲಿ ಕಿವಿ ದಣಿಯುತ್ತದೆ. ಮೂಲಕ್ಕೆ ಮರಳುತ್ತೇವೆ ಎಂದವರು ಇದನ್ನು ಮಾಡಬಾರದಿತ್ತು.

ಉತ್ತರ 3 (ಹೊನ್ನಾವರ)

ಮುದ್ರಣದ ಮಾತನ್ನು ಒಪ್ಪುತ್ತೇನೆ. ಆದರೆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಅವರಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಇದೆ ಎಂದು 2012ರ ಆರಂಭದಲ್ಲಿ ಗೊತ್ತಾಗಿ, ಚಿಕಿತ್ಸೆಯ ನಡುವೆಯೇ ಈ ಕೆಲಸ ನಡೆಯಿತು. ಕೆಲವು ವಿಮರ್ಶಕರು ಆ ಕನಿಕರದಿಂದ ಮೃದುವಾಗಿರಬಹುದು. ಅಯೋಮಿ ಅವರ ಗಿಟಾರಿಗೆ ಮಾತ್ರ ಕನಿಕರದ ಅಗತ್ಯ ಕಾಣುವುದಿಲ್ಲ. ಆಸ್ಬೋರ್ನ್ ಅವರ ಕಂಠದ ವ್ಯಾಪ್ತಿ ಕುಗ್ಗಿದ್ದು ನಿಜ, ಹಾಗಾಗಿಯೇ ರಾಗಗಳು ಕೆಳಸ್ಥಾಯಿಯಲ್ಲಿ ಸುತ್ತುತ್ತವೆ. ಪ್ರಶ್ನೆ ಕೇಳಿದವರು 1970ರ ಆಲ್ಬಮ್ ಮುಗಿಸಿದ ಕೂಡಲೇ ಇದನ್ನು ಹಾಕಬೇಡಿ. ಬದಲಿಗೆ 1978ರದ್ದರ ನಂತರ ಕೇಳಿ. ಆಗ ನಕಲು ಎಂಬ ದೂರು ಅರ್ಧ ಇಳಿಯುತ್ತದೆ, ಡ್ರಮ್ಸ್ ಬಗೆಗಿನ ದೂರು ಮಾತ್ರ ಹಾಗೆಯೇ ಉಳಿಯುತ್ತದೆ.