‘ಬೋಲ್ಟರ್’, ‘ವೇವ್ ಆಫ್’: ಹೆಡ್‌ಸೆಟ್‌ನಲ್ಲಿ ಕೂಗಲು ಕನ್ನಡ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ರಾತ್ರಿ ಹೊತ್ತು ವಿಮಾನವಾಹಕ ನೌಕೆಯ ಮೇಲೆ ಇಳಿಯುವುದನ್ನು ನಾವು ಕೆಲವು ಗೆಳೆಯರು ಸೇರಿ ಅಭ್ಯಾಸ ಮಾಡುತ್ತೇವೆ. ಒಬ್ಬರು ವಿಮಾನ ಹಾರಿಸುತ್ತಾರೆ. ಇನ್ನೊಬ್ಬರು ಹಡಗಿನ ಮೇಲೆ ನಿಂತ ಅಧಿಕಾರಿಯ ಪಾತ್ರ ವಹಿಸಿ, ಹೆಡ್‌ಸೆಟ್‌ನಲ್ಲಿ ದಾರಿ ಹೇಳುತ್ತಾರೆ. ಈ ಅಧಿಕಾರಿಗೆ ‘ಪ್ಯಾಡಲ್ಸ್’ ಅಂತ ಅಡ್ಡಹೆಸರು. ಹಿಂದೆ ಕೈಯಲ್ಲಿ ಎರಡು ಪ್ಯಾಡಲ್ ಹಿಡಿದು ಸನ್ನೆ ಮಾಡುತ್ತಿದ್ದರು, ಆ ಹೆಸರು ಉಳಿದುಕೊಂಡಿದೆ. ನಮ್ಮ ಮಾತೆಲ್ಲ ಕನ್ನಡವೇ, ಆದರೆ ಕೊನೆಯ ಕಾಲು ನಿಮಿಷ ಬಂತೆಂದರೆ ಪೂರ್ತಿ ಇಂಗ್ಲಿಷ್. ಆ ಕಾಲು ನಿಮಿಷದ ಪದಗಳ ಬಗ್ಗೆಯೇ ನನ್ನ ಪ್ರಶ್ನೆ.

ಸಂದರ್ಭ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ನಾವು ಅನುಸರಿಸುವುದು ಅಮೆರಿಕದ ನೌಕಾಪಡೆಯ ಕ್ರಮ. ರಾತ್ರಿ ವಿಮಾನಗಳು ಹಡಗಿನ ಹಿಂದೆ ದೂರದಲ್ಲಿ, ಒಂದಕ್ಕಿಂತ ಒಂದು 1000 ಅಡಿ ಮೇಲೆ, ಸುತ್ತು ಹಾಕುತ್ತಾ ಕಾಯುತ್ತವೆ. ಸರದಿ ಬಂದ ನಿಮಿಷಕ್ಕೆ ಸರಿಯಾಗಿ ಹೊರಟು 5000 ಅಡಿವರೆಗೆ ಬಿರುಸಾಗಿ ಕೆಳಗೆ ಬರಬೇಕು. ಆಮೇಲೆ ನಿಧಾನವಾಗಿ 1200 ಅಡಿಗೆ. ಅಲ್ಲಿ ಎತ್ತರ ಬದಲಿಸದೆ ಹಾರಿ, ಸುಮಾರು 3 ಮೈಲಿ ಇರುವಾಗ ಕೊನೆಯ ಇಳಿಜಾರು ಹಿಡಿಯಬೇಕು. ಹಡಗಿಗೆ ಮುಕ್ಕಾಲು ಮೈಲಿ ಇರುವಾಗ ಪೈಲಟ್ ದೀಪ ನೋಡಿ ಕಾಣಿಸಿತು ಅಂತ ಹೇಳಬೇಕು.

ಇಲ್ಲೇ ಮೊದಲ ತೊಡಕು. ಕನ್ನಡದಲ್ಲಿ ಕೆಳಗೆ ಬರುವುದೂ ‘ಇಳಿ’, ಹಡಗಿನ ಮೇಲೆ ಕೂರುವುದೂ ‘ಇಳಿ’. “ಈಗ ಇಳಿ” ಅಂದರೆ 1200 ಅಡಿಗೋ, ಡೆಕ್ಕಿಗೋ? ನಾವು ಸದ್ಯ ಮೊದಲನೆಯದಕ್ಕೆ ‘ತಗ್ಗು’ ಅನ್ನುತ್ತೇವೆ, ‘ಇಳಿ’ಯನ್ನು ಡೆಕ್ಕಿಗೆ ಮಾತ್ರ ಇಟ್ಟುಕೊಂಡಿದ್ದೇವೆ. “5000ಕ್ಕೆ ತಗ್ಗು” ಅನ್ನುವುದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಪತ್ರಿಕೆಗಳ ‘ಭೂಸ್ಪರ್ಶ’ವಂತೂ ಇಲ್ಲಿ ನಡೆಯುವುದಿಲ್ಲ. ಸಮುದ್ರದ ಮಧ್ಯೆ ಭೂಮಿ ಎಲ್ಲಿಂದ ಬರಬೇಕು!

ಎರಡನೆಯದು ಆ ದೀಪ. ರಾತ್ರಿ ಹಡಗೂ ಕಾಣುವುದಿಲ್ಲ, ಸಮುದ್ರವೂ ಕಾಣುವುದಿಲ್ಲ, ಬರೀ ದೀಪಗಳು. ಡೆಕ್ಕಿನ ಎಡಬದಿಯಲ್ಲಿ ಅಡ್ಡಕ್ಕೆ ಹಸಿರು ದೀಪಗಳ ಸಾಲು, ಅದರ ನಡುವೆ ಒಂದು ಹಳದಿ ಬೆಳಕು. ಬೆಳಕು ಸಾಲಿಗಿಂತ ಮೇಲೆ ಕಂಡರೆ ನೀವು ಜಾಸ್ತಿ ಎತ್ತರದಲ್ಲಿದ್ದೀರಿ, ಕೆಳಗೆ ಕಂಡರೆ ಕಡಿಮೆ. ತೀರಾ ಕೆಳಗಾದರೆ ಅದು ಕೆಂಪಾಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಬಾಲ್’. ಕನ್ನಡ ವಾಕ್ಯದೊಳಗೆ ಹಾಕಿ ನೋಡಿ: “ಬಾಲ್ ನೋಡು.” ಡೆಕ್ಕಿಗೆ ಅಡ್ಡವಾಗಿ ಕಟ್ಟಿದ ಹಗ್ಗಕ್ಕೆ ಸಿಕ್ಕಿ ವಿಮಾನವನ್ನು ನಿಲ್ಲಿಸುವ ಕೊಕ್ಕೆ ಇರುವುದು ಬಾಲದಲ್ಲಿ. ಸಾಲದ್ದಕ್ಕೆ ಮುಕ್ಕಾಲು ಮೈಲಿಯಲ್ಲಿ ಹಡಗಿನವರು ಹೇಳುವ ಮಾತು “ಕಾಲ್ ದ ಬಾಲ್”. ಕಾಲೋ ಬಾಲವೋ ದೇವರೇ ಬಲ್ಲ. ನಮ್ಮಲ್ಲಿ ಒಬ್ಬರು ‘ಬೊಟ್ಟು’ ಅಂತ ಶುರು ಮಾಡಿದರು. “ಬೊಟ್ಟು ಮೇಲಿದೆ”, “ಬೊಟ್ಟು ಜಾರ್ತಿದೆ”. ಚಿಕ್ಕ ಪದ, ಬೇರೆ ಯಾವುದರ ಜೊತೆಗೂ ಗೊಂದಲವಿಲ್ಲ. ನನಗಂತೂ ಹಿಡಿಸಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಳಿಯುವುದು ಎರಡು ರೀತಿಯಲ್ಲಿ ಕೈತಪ್ಪಬಹುದು. ಒಂದು, ಹಡಗಿನ ಅಧಿಕಾರಿಯೇ ಬೇಡವೆಂದು ಕಳಿಸುವುದು. ಆಗ ಕೆಂಪು ದೀಪಗಳು ಮಿನುಗುತ್ತವೆ, ಪೈಲಟ್ ವಾದ ಮಾಡುವಂತಿಲ್ಲ. ಇದು ‘ವೇವ್ ಆಫ್’. ಇನ್ನೊಂದು, ಚಕ್ರ ಡೆಕ್ ಮುಟ್ಟಿದರೂ ಕೊಕ್ಕೆಗೆ ಹಗ್ಗ ಸಿಗದೆ ವಿಮಾನ ಮುಂದಕ್ಕೆ ಓಡಿ ಮತ್ತೆ ಹಾರುವುದು. ಇದು ‘ಬೋಲ್ಟರ್’. ನಾವು ಎರಡಕ್ಕೂ “ಮಿಸ್ಸಾಯ್ತು” ಅಂದುಬಿಡುತ್ತೇವೆ. ಆಮೇಲೆ ಕೂತು ಚರ್ಚೆ ಮಾಡುವಾಗ ಯಾವುದು ಯಾಕಾಯ್ತು ಅಂತ ಯಾರಿಗೂ ನೆನಪಿರುವುದಿಲ್ಲ.

ವೇವ್ ಆಫ್‌ಗೆ ತಟ್ಟನೆ ಬಾಯಿಗೆ ಬರುವ ಕನ್ನಡ “ಏಳು, ಏಳು!” ಆದರೆ ಏಳು ಅಂದರೆ ಅಂಕಿಯೂ ಹೌದು. ಪೈಲಟ್ ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ವಿಮಾನದ ನಂಬರು, ಉಳಿದಿರುವ ಇಂಧನ ಎಲ್ಲವನ್ನೂ ಅಂಕಿಯಲ್ಲಿ ಹೇಳಿರುತ್ತಾನೆ. “ಹತ್ತು” ಅನ್ನೋಣವೆಂದರೆ ಅದೂ ಅಂಕಿಯೇ! ದೀಪ “ಆರಿತು” ಅನ್ನುವಾಗಲೂ ಒಂದು ಅಂಕಿ ಅಡಗಿ ಕೂತಿದೆ. ಬೇರೆ ಹೊತ್ತಿನಲ್ಲಿ ಇದು ತಮಾಷೆ, ಮುಕ್ಕಾಲು ಮೈಲಿಯಲ್ಲಿ ಅಲ್ಲ.

‘ಏಳು’ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಏಳು ಅಂದರೆ ಕೈ ತಾನಾಗಿ ಸ್ಟಿಕ್ ಎಳೆಯುತ್ತದೆ. ಮೂಗು ಮೇಲೆದ್ದರೆ ಬಾಲ ಕೆಳಗಾಗುತ್ತದೆ. ವಿಮಾನ ಇನ್ನೂ ಗಾಳಿಯಲ್ಲಿರುವಾಗಲೇ ಕೊಕ್ಕೆ ಹಗ್ಗಕ್ಕೆ ಸಿಕ್ಕಿದರೆ ಡೆಕ್ಕಿನ ಮೇಲೆ ಧೊಪ್ಪನೆ ಬೀಳುವುದೇ. ವೇವ್ ಆಫ್‌ನಲ್ಲಿ ಮೊದಲು ಮಾಡಬೇಕಾದ್ದು ಇಂಜಿನ್ನಿಗೆ ಪೂರ್ತಿ ಬಲ ಕೊಡುವುದು, ಮೂಗನ್ನು ಇದ್ದಲ್ಲೇ ಇಡುವುದು. “ಬಿಡು” ಅಂತ ಇನ್ನೊಬ್ಬರ ಸಲಹೆ. ಏನನ್ನು ಬಿಡಬೇಕು, ಇಂಜಿನ್ನಿಗೆ ಬಲ ಕೊಡುವ ಥ್ರಾಟಲನ್ನಾ? ಹಾಗಾಗಿ ನನ್ನ ಮತ ಸುಮ್ನೆ “ಬೇಡ, ಬೇಡ!” ಎಂಬುದಕ್ಕೆ. ಕೈಗೆ ಯಾವ ತಪ್ಪು ಆಜ್ಞೆಯನ್ನೂ ಕೊಡುವುದಿಲ್ಲ, ಗದ್ದಲದಲ್ಲೂ ಕೇಳಿಸುತ್ತದೆ.

ಬೋಲ್ಟರ್‌ಗೆ ಪದ ಹುಡುಕುವುದು ಕಷ್ಟವಾಗಿದೆ. ಇದು ಹಳೆಯ ಪರಿಸ್ಥಿತಿಯೂ ಅಲ್ಲ. ಹಿಂದೆ ಡೆಕ್ ನೇರವಾಗಿದ್ದಾಗ ಹಗ್ಗ ಸಿಗದಿದ್ದರೆ ಮುಂದಿದ್ದ ತಡೆಬಲೆಗೋ ನಿಂತಿದ್ದ ವಿಮಾನಗಳಿಗೋ ಹೋಗಿ ಬಡಿಯುವುದೇ. 1950ರ ದಶಕದಲ್ಲಿ ಇಳಿಯುವ ಪಟ್ಟಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿದ ಓರೆ ಡೆಕ್ ಬಂದ ಮೇಲೆ ಮುಂದೆ ದಾರಿ ಖಾಲಿಯಾಯಿತು, ಮತ್ತೆ ಹಾರಿ ಹೋಗುವುದು ಮಾಮೂಲಾಯಿತು. ಅದಕ್ಕೇ ಡೆಕ್ ಮುಟ್ಟಿದ ಕೂಡಲೇ ಥ್ರಾಟಲ್ ಪೂರ್ತಿ ಮುಂದಕ್ಕೆ ತಳ್ಳುವುದು ನಿಯಮ, ಹಗ್ಗ ಸಿಕ್ಕಿದೆಯೋ ಇಲ್ಲವೋ ಆ ಕ್ಷಣಕ್ಕೆ ಗೊತ್ತಿರುವುದಿಲ್ಲವಲ್ಲ. ಹಾಗಾಗಿ ಪದದಲ್ಲಿ ಬೈಗುಳದ ವಾಸನೆ ಇರಬಾರದು. ‘ವಿಫಲ ಇಳಿಕೆ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ನಾನು ಯೋಚಿಸಿದ್ದು “ಹಗ್ಗ ತಪ್ಪಿತು”. “ಬಸ್ಸು ತಪ್ಪಿತು” ಅಂದಾಗ ಯಾರೂ ಯಾರನ್ನೂ ದೂರುವುದಿಲ್ಲ, ಅಲ್ವಾ? ಕೊಕ್ಕೆ ಹಗ್ಗಗಳನ್ನು ದಾಟಿ ಮುಟ್ಟಿದರೂ, ಹಗ್ಗದ ಮೇಲೆ ಪುಟಿದು ಹೋದರೂ ಈ ಮಾತು ಹೊಂದುತ್ತದೆ. ‘ತಂತಿ’ ಬೇಡ ಅಂದುಕೊಂಡೆ. ತಂತಿ ಅಂದರೆ ತೆಳ್ಳಗಿನದು ಅನ್ನಿಸುತ್ತದೆ, ಇದು ಉಕ್ಕಿನ ಎಳೆಗಳನ್ನು ಹೊಸೆದ ದಪ್ಪ ಹಗ್ಗ. ಡೆಕ್ಕಿಗೆ ಅಡ್ಡವಾಗಿ ಇಂಥವು ನಾಲ್ಕು ಇರುತ್ತವೆ, ಹೊಸ ಹಡಗುಗಳಲ್ಲಿ ಮೂರು. “ಮೂರನೇ ಹಗ್ಗ ಸಿಕ್ಕಿತು” ಅನ್ನುವುದನ್ನು ಈಗಾಗಲೇ ಎಲ್ಲರೂ ಸಲೀಸಾಗಿ ಬಳಸುತ್ತಿದ್ದಾರೆ. ಕೊಕ್ಕೆಗೆ ‘ಬಾಲಗೊಕ್ಕೆ’ ಅಂದರೆ ಆದೇಶ ಸಂಧಿಗೂ ಖುಷಿ.

ಆದರೆ ಅಂಕಪಟ್ಟಿಯಲ್ಲಿ ಬರೆಯಲು ನಾಮಪದ ಬೇಕು. ‘ಹಗ್ಗದಪ್ಪು’ ಅಂತ ಮಾಡಿದರೆ ದಪ್ಪ ಹಗ್ಗದ ಹಾಗೆ ಕೇಳುತ್ತದೆ. ‘ತಪ್ಪಿದ ಹಗ್ಗ’ ಅಂದರೆ ಹಗ್ಗವೇ ಎಲ್ಲೋ ಕಳೆದುಹೋದಂತೆ. ಬರಹದಲ್ಲಿ ‘ಬೋಲ್ಟರ್’ ಇಟ್ಟುಕೊಂಡು ಮಾತಿನಲ್ಲಿ ಮಾತ್ರ “ಹಗ್ಗ ತಪ್ಪಿತು” ಅನ್ನಬಹುದೇ? ಅಥವಾ ದೋಣಿ, ಹಡಗಿನ ಕೆಲಸ ಬಲ್ಲವರಲ್ಲಿ, ಎಸೆದ ಹಗ್ಗ ಗೂಟಕ್ಕೆ ಸಿಗದೆ ಜಾರುವುದಕ್ಕೆ ಒಂದೇ ಪದ ಇದೆಯೇ? ಇದ್ದರೆ ಅದನ್ನು ಯಾವ ವಾಕ್ಯದಲ್ಲಿ ಬಳಸುತ್ತಾರೆ ಎಂಬುದನ್ನೂ ಬರೆಯಿರಿ.