ತಪಾಸಣೆಗೆ ಬನ್ನಿ ಅಂದ್ರೆ ಗರ್ಭಚೀಲ ತೆಗೀತಾರಾ ಅಂತ ಹೆದರ್ತಾರೆ, ಏನು ಮಾಡಲಿ?

ಹಡಪ್ಸರ್ ಟೀಚರ್:
ಪುಣೆಯ ಹಡಪ್ಸರ್‌ನಲ್ಲಿ ನಮ್ಮ ಮನೆ ಹಿಂದೆ ಕಟ್ಟಡ ಕೆಲಸದವರ ಶೆಡ್‌ಗಳಿವೆ. ಕಲಬುರಗಿ, ಯಾದಗಿರಿ ಕಡೆಯ ಹೆಂಗಸರೇ ಜಾಸ್ತಿ. ಭಾನುವಾರ ಅವರ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತೇನೆ. ಹೋದ ತಿಂಗಳು ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಯ ಕ್ಯಾಂಪ್ ಇತ್ತು. ಹೆಸರು ಕೊಟ್ಟವರು 26. ಬಂದವರು ಮೂವರು.

ಒಂದು ದಿನದ ಪಗಾರ ಹೋಗುತ್ತೆ, ಅದು ನಿಜ. ಆದರೆ ಒಬ್ಬಾಕೆ ಕೈ ಹಿಡಿದು ಕೇಳಿದಳು, "ಅಕ್ಕೋರ, ಚೀಲಾ ತಗೀತಾರೇನ್ರಿ?" ಅವಳ ತಾಂಡಾದಲ್ಲಿ ಬಿಳಿ ಹೋಗುತ್ತೆ ಅಂತ ತೋರಿಸಲು ಹೋದವರಿಗೆ ಗರ್ಭಕೋಶವನ್ನೇ ತೆಗೆದು ಕಳಿಸಿದ್ದರಂತೆ. ಅವಳ ಅಕ್ಕನಿಗೆ ಆಗ 28 ವರ್ಷ. ನನಗೆ ಮಾತೇ ಹೊರಡಲಿಲ್ಲ. ಕರಪತ್ರ ಕೊಡೋಣ ಅಂದರೆ ಓದು ಬರುವುದಿಲ್ಲ. ಇವರಿಗೆ ಹೇಗೆ ಹೇಳಲಿ?

ಡೊಂಬಿವಲಿ ನರ್ಸ್:
ಟೀಚರ್, ಮೊದಲು "ನಿನ್ನ ಭಯ ಸುಳ್ಳಲ್ಲ" ಅನ್ನಿ. ಆಮೇಲೆ ನಡೆಯುವುದನ್ನು ಇದ್ದ ಹಾಗೆ ಹೇಳಿ. ವಿನಿಗರ್‌ನಂಥ ನೀರು ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಅನುಮಾನದ ಜಾಗ ಬೆಳ್ಳಗಾಗುತ್ತೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಬೆಳ್ಳಗಾದದ್ದೆಲ್ಲ ಕ್ಯಾನ್ಸರ್ ಕೂಡ ಅಲ್ಲ. ಕ್ಯಾನ್ಸರ್ ಆಗುವ ಮುಂಚೆಯೇ ಸಿಕ್ಕರೆ ಸಾಮಾನ್ಯವಾಗಿ ಅಷ್ಟು ಜಾಗಕ್ಕೆ ಮಾತ್ರ ಚಿಕಿತ್ಸೆ. ಚೀಲ ಇದ್ದಲ್ಲೇ ಇರುತ್ತೆ. 30 ದಾಟಿದವರು ಏನೂ ತೊಂದರೆ ಇಲ್ಲದಿದ್ದರೂ ಮಾಡಿಸಿಕೊಳ್ಳಬೇಕು, ಯಾಕೆಂದರೆ ಶುರುವಿನಲ್ಲಿ ನೋವೇ ಇರುವುದಿಲ್ಲ.

ಇದೇ ಪರೀಕ್ಷೆಯನ್ನು ಮುಂಬಯಿಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಿಂದ ಕೊಳೆಗೇರಿಗಳಲ್ಲಿ ನಡೆಸಿದರು. ಮಾಡಿದವರು ಡಾಕ್ಟರರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಆ ಕಾಯಿಲೆಯ ಸಾವು 31% ಕಡಿಮೆಯಾಯಿತು.

ವಾಸ್ಕೊ ಹುಡುಗಿ:
ನಾನು ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ಅಮೆರಿಕದ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ, ಹೆಂಗಸರಲ್ಲಿ ಈ ಕ್ಯಾನ್ಸರ್ ಅಲ್ಲಿನ ಬಿಳಿಯರಿಗಿಂತ ಜಾಸ್ತಿ. ಅವರಿಗೂ ನಾಚಿಕೆ, ದುಡ್ಡು, ಭಾಷೆ, ಎಲ್ಲವೂ ಅಡ್ಡಿ. ಅಲ್ಲಿ 'ಅಮಿಗಾಸ್' ಅನ್ನುವ ಕಾರ್ಯಕ್ರಮ ಇದೆ. ಹಾಗಂದರೆ ಗೆಳತಿಯರು. ಎಲ್ ಪಾಸೊ, ಹ್ಯೂಸ್ಟನ್‌ನಂಥ ಕಡೆ ಅವರದೇ ಜನರ ನಡುವಿನ ಹೆಂಗಸರು ಸ್ಪ್ಯಾನಿಷ್‌ನಲ್ಲಿ ಕೂತು ಮಾತಾಡಿದರು. ಅದರಿಂದ ಪರೀಕ್ಷೆಗೆ ಹೋದವರು ಹೆಚ್ಚಾದರು. ನಿಮ್ಮ ಹತ್ತಿರ ಆ ಮೂವರು ಇದ್ದಾರಲ್ವಾ? ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ. ಅವರು ಮಾತಾಡಲಿ.

ಹಡಪ್ಸರ್ ಟೀಚರ್:
ಇಷ್ಟು ದಿನ ನಾನೊಬ್ಬಳೇ ಮಾತಾಡುತ್ತಿದ್ದೆ, ಅದೂ ಪುಸ್ತಕದ ಕನ್ನಡದಲ್ಲಿ. ಮೂವರಲ್ಲಿ ಒಬ್ಬಾಕೆ ಲಂಬಾಣಿ, ಮಾತಿನಲ್ಲಿ ಜೋರು. ನಿನ್ನೆ ಕೇಳಿದೆ, ಒಪ್ಪಿದಳು. ಅಮಾವಾಸ್ಯೆಗೆ ಸೈಟ್ ರಜೆ, ಪಗಾರದ ಮಾತೂ ಬರುವುದಿಲ್ಲ. ಅವಳ ಶೆಡ್‌ನಲ್ಲೇ ಸೇರುತ್ತೇವೆ. ಚಹಾ ನಂದು. ಅಕ್ಕನ ಆಪರೇಷನ್ ಕಂಡಿದ್ದಾಳಲ್ಲ, ಅವಳೂ ಬರುತ್ತೇನೆ ಅಂದಿದ್ದಾಳೆ. ಪರೀಕ್ಷೆಗೆ ಅಲ್ಲ, ಕೇಳುವುದಕ್ಕೆ.